ಖುದಾಬಕ್ಷರ ಬಾವಿ

ನಾಲ್ಕು ವರ್ಷದ ಹಿಂದಿನ ಬೇಸಿಗೆ ರಜೆ. ತಂಗಿಯ ಮಗಳ ಮದುವೆ ನಿಶ್ಚಯವಾಗಿತ್ತು. ಹೊನ್ನಾಳಿಯ ನಮ್ಮ ಮನೆಯಲ್ಲಿ ಮದುವೆ ಕಾರ್ಡಿನ ಮೇಲೆ ಏನೇನು ಹಾಕಿಸಬೇಕು ಎಂಬ ಮಾತು ನಡೆದಿತ್ತು. ತಲೆಬರಹದಲ್ಲಿ ‘ಸುಬೇದಾರ್ ಖುದಾಬಕ್ಷರ ಖಾನ್‌ದಾನ್’ ಎಂದು ಇರಲೇಬೇಕೆಂದು ದೊಡ್ಡಪ್ಪ ಹಟ ಹಿಡಿದಿದ್ದರು. ಖುದಾಬಕ್ಷ್ ನನಗೆ ಮುತ್ತಜ್ಜ, ದೊಡ್ಡಪ್ಪನಿಗೆ ಸ್ವಂತ ಅಜ್ಜ. ಪಂಜಾಬಿನ ಕಡೆಯಿಂದ ಬಂದವರು, ಮೊದಲನೇ ಮಹಾಯುದ್ಧದಲ್ಲಿ ಕುದುರೆ ಏರಿ ಕತ್ತಿ ಬೀಸಿದವರು ಎಂದು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೆವು.

ಗಂಡಿನ ಕಡೆಯ ಹಿರಿಯರೊಬ್ಬರು ಸುಮ್ಮನೆ ಕುತೂಹಲಕ್ಕೆ, ಯಾವ ಪಲ್ಟನ್ನು, ಎಲ್ಲಿ ಕಾದಾಡಿದರು ಎಂದು ಕೇಳಿಬಿಟ್ಟರು. ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಅಜ್ಜನ ಪದಕ ತಂದು ತೋರಿಸಿದರು. ಕಪ್ಪಗೆ ಕಿಲುಬು ಹಿಡಿದ ಕಂಚಿನ ಬಿಲ್ಲೆ ಅದು. ಬಂದವರು ಹೋದ ಮೇಲೆ ನಾನು ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳು ಎದ್ದವು. ಒಂದು ಸಂಖ್ಯೆ, ಮುತ್ತಜ್ಜನ ಹೆಸರು, ಹೆಸರಿನ ಹಿಂದೆ ‘ಭಿಸ್ತಿ’.

ನಾನು ನ್ಯಾಮತಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆದರೆ ಈ ಪದ ತಿಳಿಯಲು ಪಾಠ ಬೇಕಿರಲಿಲ್ಲ. ನಮ್ಮ ಮನೆಮಾತು ಉರ್ದು. ಭಿಸ್ತಿ ಎಂದರೆ ಚರ್ಮದ ಚೀಲದಲ್ಲಿ ನೀರು ಹೊರುವವನು. ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಪದಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಟ್ರಂಕಿಗೆ ಹಾಕಿ ಬೀಗ ಜಡಿದರು. ಕೆದಕಬೇಡ, ಇದು ಯಾರ ಕಿವಿಗೂ ಬೀಳಬಾರದು ಎಂದರು. ಕಾರ್ಡು ಅವರು ಹೇಳಿದಂತೆಯೇ ಅಚ್ಚಾಯಿತು.

ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ. ನನ್ನ ಸಹೋದ್ಯೋಗಿಯ ತಂದೆ ಸೈನ್ಯದಿಂದ ನಿವೃತ್ತರಾಗಿ ಚನ್ನಗಿರಿಯಲ್ಲಿದ್ದಾರೆ. ಹಳೆಯ ಪಲ್ಟನ್ನುಗಳ ಬಗ್ಗೆ ಓದುವುದು ಅವರ ಹವ್ಯಾಸ. ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಪದಕದ ಫೋಟೊ ಅವರಿಗೆ ತೋರಿಸಿದೆ. ಸಿಪಾಯಿಗಳಿಗೆ ಬೆಳ್ಳಿಯದು ಕೊಡುತ್ತಿದ್ದರು, ನೀರು ಹೊರುವವರು, ಕತ್ತೆ ಹೇಸರಗತ್ತೆ ಹೊಡೆಯುವವರು ಇಂಥವರಿಗೆ ಕಂಚಿನದು ಎಂದು ವಿವರಿಸಿದರು. ನನ್ನ ಮುಖ ಸಪ್ಪಗಾದದ್ದನ್ನು ನೋಡಿರಬೇಕು.

“ಟೀಚರೇ, ಬಂದೂಕು ಇದ್ದೋನು ಕಂದಕದಾಗೆ ಬಗ್ಗಿ ಕುಂದ್ರಾಕೆ ಆಗ್ತಿತ್ತು,” ಎಂದರು. “ನೀರು ಹೊತ್ತೋನು ಬಯಲಾಗೆ ನಡೀಬೇಕಿತ್ತು. ಕೈಯಾಗೆ ಏನೂ ಇಲ್ದೆ. ನೀವು ಸಣ್ಣ ಮುಖ ಮಾಡೋ ವಿಷ್ಯ ಅಲ್ಲ ಇದು.”

ಅವರೇ ಮುಂದೆ ನಿಂತು ದಿಲ್ಲಿಯ ಪತ್ರಾಗಾರಕ್ಕೆ ಬರೆಸಿದರು. ಎಷ್ಟೋ ತಿಂಗಳು ಕಳೆದ ಮೇಲೆ ಒಂದು ಹಾಳೆಯ ನಕಲು ಬಂತು. ಖುದಾಬಕ್ಷ್, ಊರು ಝೇಲಂ ಜಿಲ್ಲೆ, ಇರಾಕಿನ ಬಸ್ರಾದ ಕಡೆ ಸೇವೆ, ಬೆಂಗಳೂರಿನ ದಂಡಿನಲ್ಲಿ ಬಿಡುಗಡೆ. ಬಿಡುಗಡೆಯಾದ ಮೇಲೆ ಹೋಗುವ ಊರು ಎಂಬಲ್ಲಿ ಹೊನ್ನಾಳಿ ಇರಲಿಲ್ಲ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಹೆಸರಿತ್ತು. ಮುತ್ತಜ್ಜ ಜಗಳೂರಿನಲ್ಲಿ ಇದ್ದರೆಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ.

ಜಗಳೂರಿನ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಹಳೆಯ ಕಾಗದ ತೆಗೆಸಿದೆ. ಯುದ್ಧದಿಂದ ಬಂದವರಿಗೆಂದು ಆ ಹಳ್ಳಿಯಲ್ಲಿ ಅವರಿಗೆ ಒಂದಿಷ್ಟು ಜಮೀನು ಮಂಜೂರಾಗಿತ್ತು. ಆಶ್ಚರ್ಯವೆಂದರೆ ಪಹಣಿಯಲ್ಲಿ ಇಂದಿಗೂ ಅವರದೇ ಹೆಸರು. ಈ ವಿಷಯ ಹೇಳಿದಾಗ ದೊಡ್ಡಪ್ಪ ಮೊದಲ ಬಾರಿಗೆ ಆಸಕ್ತಿಯಿಂದ ಕೇಳಿದರು. ಮರುವಾರವೇ ವಕೀಲರನ್ನು ಕಂಡು ವಂಶವೃಕ್ಷ ಮಾಡಿಸಿದರು. ವಾರಸುದಾರರು ನಾವು, ನಮ್ಮದನ್ನು ನಾವು ಕೇಳುವುದರಲ್ಲಿ ತಪ್ಪೇನು ಎಂದರು. ನನಗೂ ತಪ್ಪೆನಿಸಲಿಲ್ಲ. ಕಾಗದಗಳನ್ನೆಲ್ಲ ಬ್ಯಾಗಿಗೆ ಹಾಕಿಕೊಂಡು ಒಂದು ಭಾನುವಾರ ಇಬ್ಬರೂ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆವು. ಅಲ್ಲಿಂದ ಆಟೋ.

ಹಳ್ಳಿಯ ಅಂಗಡಿಯೊಂದರಲ್ಲಿ ಸರ್ವೆ ನಂಬರು ತೋರಿಸಿದಾಗ, ಊರ ಹೊರಗಿನ ಕಾಲೊನಿಗೆ ದಾರಿ ಹೇಳಿದರು. ಹೊಲವಿರುತ್ತದೆ ಎಂದುಕೊಂಡು ಹೋದರೆ ಅಲ್ಲಿ ಮನೆಗಳಿದ್ದವು. ಸಣ್ಣ ಸಣ್ಣ ಮನೆಗಳ ಎರಡು ಸಾಲು, ಸಾಲಿನ ಕೊನೆಯಲ್ಲಿ ನೀಲಿ ಬಾವುಟದ ಕಂಬ. ನಡುವೆ ಕಲ್ಲು ಕಟ್ಟಿದ ಹಳೆಯ ಬಾವಿ, ಮೇಲೆ ಕಬ್ಬಿಣದ ಜಾಲರಿ. ಬಗ್ಗಿ ನೋಡಿದೆ. ತಳದಲ್ಲಿ ನೀರಿರಲಿಲ್ಲ.

ಒಂದು ಮನೆಯಿಂದ ಆನಂದ ಎಂಬ ಯುವಕ ಹೊರಬಂದ. ದಾವಣಗೆರೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾನಂತೆ. ಯಾರನ್ನು ನೋಡಬೇಕಿತ್ತು ಎಂದು ಕೇಳಿದ. ನಾನು ಖುದಾಬಕ್ಷ್ ಎಂಬ ಹೆಸರು ಹೇಳಿ, ನಾವು ಅವರ ಮನೆಯವರು ಎಂದೆ. ಅವನು ನಮ್ಮಿಬ್ಬರನ್ನೂ ನೋಡಿದ, ದೊಡ್ಡಪ್ಪನ ಕಂಕುಳಲ್ಲಿದ್ದ ಬ್ಯಾಗು ನೋಡಿದ. ನಮ್ಮನ್ನು ಒಳಗೆ ಕರೆದು ತನ್ನ ಅಜ್ಜಿ ದುರುಗಮ್ಮನ ಮುಂದೆ ಕೂರಿಸಿ, ಇವರು ಖುದಾಬಕ್ಷರ ಮನೆಯವರಂತೆ ಎಂದ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರದು. ಅಜ್ಜಿಗೆ ತೊಂಬತ್ತರ ಹತ್ತಿರ ಇರಬೇಕು, ಆದರೆ ಕಿವಿ ಚುರುಕಾಗಿತ್ತು. ಸ್ಟೀಲ್ ಚೊಂಬಿನಲ್ಲಿ ನೀರು ತರಿಸಿ ನಮ್ಮ ಮುಂದಿಡಿಸಿದರು. ಆಮೇಲೆ ನಾವು ಕೇಳುವ ಮೊದಲೇ ಶುರುಮಾಡಿದರು. ಖುದಾಬಕ್ಷ್ ಅವರ ಬಾಯಲ್ಲಿ ‘ಬಾಕ್ಸಾಬ್ರು’ ಆಗಿದ್ದರು.

“ಬಾಕ್ಸಾಬ್ರು ನಮ್ಮಜ್ಜನ ಜತೆ ಬಂದೋರು. ನಮ್ಮಜ್ಜ ಯುದ್ಧದಾಗೆ ಹೇಸರಗತ್ತೆ ಹೊಡೀತಿದ್ದ. ಇಬ್ರೂ ಒಂದೇ ಕಡೆ ಇದ್ರಂತೆ. ಸಾಬ್ರಿಗೆ ಊರಾಗೆ ತನ್ನೋರು ಅಂತ ಯಾರೂ ಉಳಿದಿರ್ಲಿಲ್ಲ, ಬಾ ನಮ್ಮೂರಿಗೆ ಅಂತ ಕರ್ಕಂಡು ಬಂದಿದ್ದ.”

ಆ ಕಾಲದಲ್ಲಿ ಇವರ ಕೇರಿಯವರು ಊರ ಬಾವಿಯ ಹತ್ತಿರ ಹೋಗುವಂತಿರಲಿಲ್ಲ. ಮೇಲಿನವರು ಯಾರಾದರೂ ಬಂದು, ಮನಸ್ಸು ಮಾಡಿ, ಮೇಲಿಂದ ಹುಯ್ಯುವವರೆಗೂ ಕೊಡ ಇಟ್ಟುಕೊಂಡು ದೂರದಲ್ಲಿ ಕಾಯಬೇಕಿತ್ತು. ಯುದ್ಧ ಮುಗಿಸಿ ಬಂದ ದುರುಗಮ್ಮನ ಅಜ್ಜನೂ ಹಾಗೆಯೇ ಕಾಯುತ್ತ ಕುಳಿತದ್ದನ್ನು ಮುತ್ತಜ್ಜ ಕಂಡರು. ಮರುದಿನದಿಂದ ತಾವೇ ಆ ಬಾವಿಯಲ್ಲಿ ನೀರು ಸೇದಿ ಕೇರಿಗೆ ಹೊರತೊಡಗಿದರು. ತೊಗಲ ಚೀಲ ಬಾವಿಗೆ ಇಳಿಸಬಾರದೆಂದು ಊರವರು ತಕರಾರು ತೆಗೆದಾಗ, ತಾಮ್ರದ ಕೊಡದಲ್ಲಿ ಸೇದಿ, ಕಟ್ಟೆಯ ಕೆಳಗೆ ನಿಂತು ಚೀಲಕ್ಕೆ ತುಂಬಿಸಿಕೊಂಡರು. ಒಂದು ದಿನ ಅವರನ್ನು ಹಿಡಿದು ಹೊಡೆದರು. ಮಾರನೆಯ ಬೆಳಿಗ್ಗೆ ಹಣೆಗೆ ಬಟ್ಟೆ ಕಟ್ಟಿಕೊಂಡು ಅದೇ ಕೊಡ ಹಿಡಿದು ಬಾವಿಗೆ ಬಂದರಂತೆ.

“ಏನಂದ್ರಂತೆ ಗೊತ್ತೇನವ್ವ?” ದುರುಗಮ್ಮ ನನ್ನ ಕಡೆ ತಿರುಗಿದರು. “ಯುದ್ಧದಾಗೆ ಇವ್ನಿಗೆ ನಾನೇ ನೀರು ಕುಡಿಸೀನಿ, ಇವ್ನ ಊರಾಗೆ ಕುಡಿಸಾಕೆ ಯಾರನ್ನ ಕೇಳ್ಬೇಕು ಅಂದ್ರಂತೆ. ನಮ್ಮವ್ವ ಇದನ್ನ ಹೇಳ್ದಾಗೆಲ್ಲ ಅಳ್ತಿದ್ಲು.”

ಹಾಗೆ ಎಷ್ಟು ವರ್ಷ ಹೊತ್ತರೋ ಅಜ್ಜಿಗೆ ಗೊತ್ತಿಲ್ಲ. ಸರ್ಕಾರದಿಂದ ಜಮೀನು ಸಿಕ್ಕಾಗ ಅದರಲ್ಲಿ ಮುತ್ತಜ್ಜ ಬೆಳೆ ಇಡಲಿಲ್ಲ. ಕೇರಿಯವರನ್ನೆಲ್ಲ ಸೇರಿಸಿಕೊಂಡು ಬಾವಿ ತೋಡಿಸಿದರು. ನೀರು ಬಿದ್ದ ಮೇಲೆ ಕೇರಿಯವರಿಗೆ ಅದರ ಸುತ್ತಲೇ ಗುಡಿಸಲು ಹಾಕಿಕೊಳ್ಳಿ ಎಂದರು. ಆಮೇಲೆ ಮದುವೆಯಾಗಿ ಹೆಂಡತಿಯ ಊರಾದ ಹೊನ್ನಾಳಿಗೆ ಹೋದರು. ಬಾಯಲ್ಲಿ ಕೊಟ್ಟರೇ ಹೊರತು ಕಾಗದ ಮಾಡಿಕೊಡಲಿಲ್ಲ. ಹೀಗಾಗಿ ಇಂದಿಗೂ ಈ ಮನೆಗಳಿಗೆ ಹಕ್ಕುಪತ್ರವಿಲ್ಲ ಎಂದು ಆನಂದ ಹೇಳಿದ. ಪ್ರತಿ ಕಚೇರಿಯಲ್ಲೂ ಖುದಾಬಕ್ಷರ ವಾರಸುದಾರರನ್ನು ಕರೆದುಕೊಂಡು ಬನ್ನಿ ಎನ್ನುತ್ತಾರಂತೆ. ಎಲ್ಲಿ ಹುಡುಕುವುದೆಂದು ಇವರಿಗೆ ತಿಳಿದಿರಲಿಲ್ಲ.

ಆಗ ದುರುಗಮ್ಮ ದೊಡ್ಡಪ್ಪನನ್ನು ನೇರವಾಗಿ ನೋಡುತ್ತ ಕೇಳಿದರು:

“ಯಜಮಾನ್ರೆ, ಜಮೀನು ಕೇಳಾಕೆ ಬಂದೀರೇನು?”

ಬಾಗಿಲ ಬಳಿ ಅಕ್ಕಪಕ್ಕದವರು ಸೇರಿದ್ದರು. ದೊಡ್ಡಪ್ಪ ಹಟದ ಮನುಷ್ಯ. ಒಮ್ಮೆ ಬಾಯಿಂದ ಬಂದ ಮಾತನ್ನು ಹಿಂತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ. ವಂಶವೃಕ್ಷ, ಪಹಣಿ, ವಕೀಲರು ಬರೆದುಕೊಟ್ಟ ಅರ್ಜಿ ಎಲ್ಲವೂ ಅವರ ತೊಡೆಯ ಮೇಲಿನ ಬ್ಯಾಗಿನಲ್ಲಿದ್ದವು. ಅವರು ಚೊಂಬು ಎತ್ತಿ ನೀರು ಕುಡಿದರು. ನಿಧಾನವಾಗಿ, ಪೂರ್ತಿ ಕುಡಿದರು. ಬ್ಯಾಗನ್ನು ತೊಡೆಯಿಂದ ಎತ್ತಿ ಕೆಳಗೆ ಕಾಲ ಹತ್ತಿರ ಇಟ್ಟರು.

“ಇಲ್ಲವ್ವ,” ಎಂದರು. “ನಮ್ಮಜ್ಜ ಏನು ಮಾಡಿದ್ರು ಅಂತ ನಮಗೆ ಗೊತ್ತಿರ್ಲಿಲ್ಲ. ಅದನ್ನ ಕೇಳಾಕೆ ಬಂದ್ವಿ.”

ಅಜ್ಜಿ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ದೊಡ್ಡಪ್ಪ ತಲೆ ತಗ್ಗಿಸಿದರು. ಅವರ ಭುಜ ಅಲುಗುತ್ತಿತ್ತು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಅಲ್ಲಿದ್ದರೆ ನಾನೂ ಅತ್ತುಬಿಡುತ್ತಿದ್ದೆ.

ರೊಟ್ಟಿ, ಹೆಸರುಕಾಳಿನ ಪಲ್ಯ ಉಣ್ಣಿಸದೆ ಅವರು ನಮ್ಮನ್ನು ಬಿಡಲಿಲ್ಲ. ವಾಪಸು ಬರುವಾಗ ಬಸ್ಸು ದಾವಣಗೆರೆ ಹತ್ತಿರ ಬಂದಾಗ ದೊಡ್ಡಪ್ಪ, ಜಮೀನನ್ನು ಕೇರಿಯವರಿಗೇ ಬಿಟ್ಟುಕೊಡುವ ಕಾಗದಕ್ಕೆ ತಮ್ಮ ಮಕ್ಕಳೂ ನಮ್ಮ ಮನೆಯವರೂ ಎಲ್ಲರೂ ಸಹಿ ಹಾಕಲು ಒಪ್ಪುತ್ತಾರೆಯೇ ಎಂದು ಕೇಳಿದರು. ಒಪ್ಪಿಸೋಣ ಎಂದೆ. ಒಪ್ಪಿಸುವುದು ಸುಲಭವಾಗಲಿಲ್ಲ. ಅವರ ದೊಡ್ಡ ಮಗ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ. ನೀವು ಯಾವ ರಾಜ್ಯ ಗೆದ್ದಿದ್ದೀರಿ ದಾನ ಮಾಡಲು ಎಂದು ಕೂಗಾಡಿದ್ದ. ದೊಡ್ಡಪ್ಪ ಅವನಿಗೆ ಬೈಯಲಿಲ್ಲ. ಕಾರು ಮಾಡಿಕೊಂಡು ಅವನನ್ನು ಆ ಹಳ್ಳಿಗೆ ಕರೆದೊಯ್ದು, ದುರುಗಮ್ಮನ ಎದುರು ಕೂರಿಸಿ, ತಾವು ಹೊರಗೆ ಕಟ್ಟೆಯ ಮೇಲೆ ಕುಳಿತರು. ಮರಳಿ ಬಂದ ಮೇಲೆ ಅವನು ಸಹಿ ಹಾಕಿದ.

ಕಳೆದ ವರ್ಷ ನಮ್ಮೆಲ್ಲರ ಒಪ್ಪಿಗೆ ಪತ್ರ ತಾಲ್ಲೂಕು ಕಚೇರಿ ಸೇರಿತು. ಮನೆಗಳ ಹಕ್ಕುಪತ್ರಗಳು ಒಂದೊಂದಾಗಿ ಬರುತ್ತಿವೆ ಎಂದು ಆನಂದ ಆಗಾಗ ಫೋನ್ ಮಾಡುತ್ತಾನೆ. ತನ್ನ ಹೆಸರಿಗೆ ಬಂದ ಕಾಗದವನ್ನು ನೋಡಿಯೇ ದುರುಗಮ್ಮ ಕಣ್ಣುಮುಚ್ಚಿದರು. ಮಣ್ಣಿಗೆ ನಾನೂ ದೊಡ್ಡಪ್ಪನೂ ಹೋಗಿದ್ದೆವು.

ಮುತ್ತಜ್ಜನ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ, ಒಂದು ಫೋಟೊ ಕೂಡ ಇಲ್ಲ. ಗುಂಡಿನ ನಡುವೆ ನೀರು ಹೊತ್ತದ್ದು ಅವರ ಕೆಲಸವಾಗಿತ್ತು. ಜಗಳೂರಿನಲ್ಲಿ ಹೊತ್ತದ್ದಕ್ಕೆ ಯಾರ ಹುಕುಮೂ ಇರಲಿಲ್ಲ. ಅದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ ಅವರದು ನಾನು ಕೇಳಿ ತಿಳಿದದ್ದು. ಬ್ಯಾಗನ್ನು ನೆಲಕ್ಕಿಟ್ಟು ‘ಇಲ್ಲವ್ವ’ ಎಂದ ದೊಡ್ಡಪ್ಪನನ್ನು ಕಣ್ಣಾರೆ ಕಂಡಿದ್ದೇನೆ. ಆ ಕ್ಷಣಕ್ಕೆ ಆ ಮಾತು ಸುಳ್ಳಾಗಿತ್ತು. ಅದನ್ನು ನಿಜ ಮಾಡಲು ಅವರು ಎರಡು ವರ್ಷ ಸಹಿ ಕೇಳುತ್ತ ಮನೆಯಿಂದ ಮನೆಗೆ ಅಲೆದರು.