ಎದೆಯುರಿ ಕಡೂರಿಗೆ, ಹೊಟ್ಟೆನೋವು ತರೀಕೆರೆಗೆ

ಕಳೆದ ಶನಿವಾರ ನನ್ನ ಹೆಂಡತಿ ನನ್ನನ್ನು ತರೀಕೆರೆಯವರೆಗೆ ಹಿಂಬಾಲಿಸಿಕೊಂಡು ಬಂದಳು. ಅದೂ ಒಂದೇ ಬಸ್ಸಿನಲ್ಲಿ. ಹೆಂಗಸರ ಸೀಟಿನಲ್ಲಿ ತಲೆ ಮೇಲೆ ಸೆರಗು ಹೊದ್ದು ಕೂತಿದ್ದಳಂತೆ. ಕಂಡಕ್ಟರಿಗೂ ಗೊತ್ತಿತ್ತು. ನನಗೆ ಮಾತ್ರ ಗೊತ್ತಾಗಲಿಲ್ಲ. (ಪೇಪರಿನಲ್ಲಿ ನನ್ನದೇ ಅಂಕಣ ಓದುತ್ತಾ ಮೈಮರೆತಿದ್ದೆ.)

ಸುಶೀಲಳದ್ದು ತಪ್ಪೆನ್ನಬೇಡಿ. ಗಂಡನಾದವನು ಎರಡು ವಾರಕ್ಕೊಮ್ಮೆ ಇಸ್ತ್ರಿ ಶರ್ಟು ಹಾಕಿಕೊಂಡು ಅಜ್ಜಂಪುರದಿಂದ ತರೀಕೆರೆಗೆ ಹೋಗುತ್ತಾನೆ. ಯಾಕೆ ಎಂದರೆ ಬಾಯಿ ಬಿಡುವುದಿಲ್ಲ. ದಿನೇ ದಿನೇ ಸೊರಗುತ್ತಾನೆ. ಊಟಕ್ಕೆ ಕೂತವನು ಅರ್ಧದಲ್ಲೇ ಎದ್ದು ಹೋಗುತ್ತಾನೆ. ಇದು ಪ್ರೇಮವಲ್ಲದೆ ಮತ್ತೇನು?

ಭೇದಿ ಸ್ವಾಮಿ, ಭೇದಿ! ಜೊತೆಗೆ ರಕ್ತ. (ಕಾಫಿ ಕುಡಿಯುತ್ತಾ ಓದುತ್ತಿರುವವರು ಕ್ಷಮಿಸಬೇಕು.)

ಎದೆಯುರಿಯೂ ಇತ್ತು. ಅದು ಊರಿಗೆಲ್ಲ ಗೊತ್ತು. ಎದೆಯುರಿ ಮರ್ಯಾದಸ್ಥರ ಕಾಯಿಲೆ ನೋಡಿ. ಜಗಲಿ ಮೇಲೆ ಕೂತು ಒಮ್ಮೆ ತೇಗಿ, "ಹುಳಿ ಬರುತ್ತೆ ಕಣ್ರೀ" ಎಂದರೆ ನಾಲ್ಕು ಜನ ನಾಲ್ಕು ಮದ್ದು ಹೇಳುತ್ತಾರೆ. ಅದೇ ಜಗಲಿ ಮೇಲೆ ಆ ಇನ್ನೊಂದು ವಿಷಯ ಎತ್ತಿ ನೋಡೋಣ? ನಮ್ಮ ಮರ್ಯಾದೆಯ ಸರಹದ್ದು ಹೊಕ್ಕುಳಕ್ಕೇ ಮುಗಿಯುತ್ತದೆ.

ಹಾಗಾಗಿ ಎದೆಯುರಿಯನ್ನು ಕಡೂರಿಗೆ ಒಯ್ದೆ. ಅಲ್ಲಿನ ಡಾಕ್ಟರು ಸುಶೀಲಳ ಸೋದರಮಾವ. ತಣ್ಣನೆಯ ಹಾಲು ಕುಡಿ ಎಂದರು. ಉಳಿದದ್ದನ್ನು ಅವರ ಮುಂದೆ ಹೇಳುವುದು ಹೇಗೆ? ಹಬ್ಬದಲ್ಲಿ ಅವರ ಎದುರಿಗೇ ಎಲೆ ಹಾಕಿಸಿಕೊಂಡು ಕೂರಬೇಕಲ್ಲ! ಅದನ್ನು ಗುಟ್ಟಾಗಿ ತರೀಕೆರೆಗೆ ಒಯ್ದೆ. ಒಂದೇ ಹೊಟ್ಟೆಯನ್ನು ಎರಡು ತಾಲ್ಲೂಕಿಗೆ ಹಂಚಿದ ಅಮಲ್ದಾರ ನಾನು.

ತರೀಕೆರೆ ಡಾಕ್ಟರು, ಕರುಳಿನಲ್ಲಿ ಹಳೆಯ ಉರಿಯೂತ ಇದ್ದಂತಿದೆ, ಹಾಲು ಬಿಟ್ಟು ನೋಡಿ ಎಂದರು. ಮನೆಯಲ್ಲಿ ಸುಶೀಲ ಹೊತ್ತುಹೊತ್ತಿಗೆ ಹಾಲಿನ ಲೋಟ ಹಿಡಿದು ನಿಲ್ಲುತ್ತಿದ್ದಳು. ಬೇಡವೆಂದರೆ ಕಾರಣ ಹೇಳಬೇಕು. ಕುಡಿದೆ. ಓಡಿದೆ.

"ತರೀಕೆರೇಲಿ ಯಾರಿದಾರೆ?" ಎಂದು ಅವಳು ಒಮ್ಮೆ ನೇರವಾಗಿಯೇ ಕೇಳಿದ್ದಳು.

"ಯಾರೂ ಇಲ್ಲ ಕಣೇ" ಎಂದೆ. ಆದರೆ ದನಿಯಲ್ಲಿ ಕೊಂಚ ಗುಟ್ಟು ಉಳಿಸಿಕೊಂಡೆ. ಈ ವಯಸ್ಸಿನಲ್ಲಿ, ಈ ಬೋಳುತಲೆಗೆ, ಅಂಥ ಅನುಮಾನ ಸಿಗುವುದೇನು ಕಮ್ಮಿಯೇ? ನಿಜ ಹೇಳುತ್ತೇನೆ, ಖುಷಿಯೇ ಆಯಿತು.

ಶನಿವಾರ ಡಾಕ್ಟರ ಮೇಜಿನ ಮೇಲೆ ಹೊಟ್ಟೆ ಬಿಟ್ಟುಕೊಂಡು ಮಲಗಿದ್ದೆ. ಪರದೆ ಸರಿಯಿತು. ಸುಶೀಲ!

"ಯಾರಮ್ಮಾ ನೀವು?"

"ಇವರ ಹೆಂಡ್ತಿ. ಎದೆ ಉರಿಗೆ ಕಡೂರಲ್ಲಿ ನಮ್ಮಾವನೇ ಔಷಧಿ ಕೊಡ್ತಾ ಇದಾರೆ. ಇಲ್ಲಿಗ್ಯಾಕೆ ಬಂದ್ರು ಇವ್ರು?"

ಡಾಕ್ಟರು ನನ್ನತ್ತ ತಿರುಗಿದರು. "ಎದೆ ಉರೀನೂ ಇದ್ಯಾ? ನಂಗೆ ಹೇಳ್ಲೇ ಇಲ್ವಲ್ರೀ!"

"ಅದು ಕಡೂರಿನ ಕೇಸು ಸಾರ್" ಎಂದೆ. ಏನೋ ಬಾಯಿಗೆ ಬಂದದ್ದು.

"ಬಾಯಿಂದ ಕೆಳಗಿನ ತನಕ ಒಂದೇ ದಾರಿ ಕಣ್ರೀ! ಕರುಳು ಕೆರಳಿರೋರಲ್ಲಿ ಕೆಲವ್ರಿಗೆ ಎದೆ ಉರೀನೂ ಇರುತ್ತೆ. ಅದ್ರಿಂದ ಇದೋ, ಇದ್ರಿಂದ ಅದೋ, ಎರಡೂ ಬೇರೆ ಬೇರೇನೋ, ನಾನೂ ಹೇಳಲಾರೆ. ಆದ್ರೆ ಅರ್ಧ ಮುಚ್ಚಿಟ್ರೆ ಹೆಂಗ್ ನೋಡೋದು? ಇಷ್ಟು ರಕ್ತ ಹೋಗಿದೆ, ಹುಡುಗಾಟ ಅಂದ್ಕೊಂಡ್ರಾ?"

ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಕಡೂರಿಗೂ ಟ್ರಂಕ್ ಕಾಲ್ ಬುಕ್ ಮಾಡುತ್ತೇನೆ ಎಂದರು. ನನ್ನ ಹಬ್ಬದೂಟದ ಮರ್ಯಾದೆ ಅಲ್ಲಿಗೆ ಮುಗಿಯಿತು. ರಕ್ತ ಎಂಬ ಮಾತು ಕೇಳಿದ್ದ ಸುಶೀಲ ಆ ಚೀಟಿಯನ್ನು ಮಡಿಸಿ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ವಾಪಸು ಬರುವಾಗ ಒಂದೇ ಸೀಟಿನಲ್ಲಿ ಕೂತೆವು. ಅವಳ ಮೌನದಿಂದ ನನಗೆ ಭಯವಾಯಿತು. ಶಿವಮೊಗ್ಗದಲ್ಲಿ ಏನು ಹೇಳುತ್ತಾರೋ ಎಂಬುದಕ್ಕಿಂತ ಹೆಚ್ಚಿನ ಭಯ. ಎಂದಿನಂತೆ ತಮಾಷೆಗೆ ಇಳಿದೆ.

"ಯಾರೋ ಇದಾಳೆ ಅಂದ್ಕೊಂಡಿದ್ಯಲ್ಲ, ಈಗ ಸಮಾಧಾನ ಆಯ್ತಾ?"

ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

"ಯಾರಾದ್ರೂ ಇದ್ದಿದ್ರೆ, ಅವಳಿಗಾದ್ರೂ ಹೇಳ್ತಿದ್ರೇನ್ರೀ?"