ವಿಮಾನಕ್ಕೆ ಸಿಕ್ಕ ನನ್ನ ತವರು

ಸವತಿ ಮಣ್ಣಿನವಳಾದರೂ ಸಹಿಸಲಾಗದು ಎನ್ನುತ್ತಾರೆ. ನನ್ನ ಸವತಿ ಬಿದಿರಿನ ಸೀಳು, ಹಗುರ ಕಟ್ಟಿಗೆ ಮತ್ತು ತೆಳು ಕಾಗದದವಳು. ಮೂಗಿನ ತುದಿಯಲ್ಲೊಂದು ಪುಟ್ಟ ಎಂಜಿನ್. ಹರಳೆಣ್ಣೆ, ಸೀಮೆಎಣ್ಣೆ, ಈಥರ್ ಕುಡಿದು ಕಿವಿ ಹರಿಯುವ ಹಾಗೆ ಚೀರುತ್ತಿದ್ದಳು. ಆ ವಾಸನೆ ನಮ್ಮ ಹಾಸಿಗೆಗೂ ಹತ್ತಿತ್ತು.

ಅರವತ್ತರ ದಶಕದ ನಡುವಿನ ಮಾತು. ನಮ್ಮ ಮನೆಯವರು ದಾಂಡೇಲಿಯ ಕಾಗದದ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ಒಂದೇ ಪಾಳಿಯ ಗೆಳೆಯರು ಸೇರಿ ಮೊದಲು ಕೈಯಿಂದ ಎಸೆಯುವ ಪುಟ್ಟ ಮಾದರಿ ವಿಮಾನ ಮಾಡಿದರು. ಆಮೇಲೆ ವರ್ಗವಾಗಿ ಹೊರಟ ಒಬ್ಬ ಎಂಜಿನಿಯರು ತಾನು ವಿದೇಶದಿಂದ ತಂದಿದ್ದ ಎರಡು ಜೊತೆ ಎಂಜಿನ್ನು, ವಿಮಾನವನ್ನು ನೆಲದಿಂದಲೇ ತಿರುಗಿಸುವ ರೇಡಿಯೋ ಸಾಮಾನನ್ನು ಇವರಿಗೇ ಬಿಟ್ಟು ಹೋದರು. ಅಂದಿನಿಂದ ಅದು ಕ್ಲಬ್ ಆಯಿತು. ಕ್ಲಬ್ಬಿನ ಆಫೀಸು ನಮ್ಮ ಪಡಸಾಲೆ. ಎಲ್ಲರಿಗೂ ಚಹಾ ಮಾಡುವವಳು, ರೆಕ್ಕೆಗೆ ಕಾಗದ ಹಚ್ಚಲು ಮೈದಾ ಅಂಟು ಕಾಸುವವಳು ನಾನು. ಆದರೂ ಕ್ಲಬ್ಬಿನವಳು ಎಂದು ನನ್ನನ್ನು ಯಾರೂ ಎಣಿಸಲಿಲ್ಲ.

ದಾಂಡೇಲಿಯಲ್ಲಿ ವಿಮಾನ ಏರಿದರೆ ಇಳಿಯಲು ಜಾಗವಿಲ್ಲ. ಎತ್ತ ನೋಡಿದರೂ ಸಾಗವಾನಿ ಮರ. ಬಯಲು ಎಲ್ಲಿ ಸಿಕ್ಕೀತೆಂದು ಅವರೆಲ್ಲ ತಲೆ ಕೆಡಿಸಿಕೊಂಡಾಗ, ಚಹಾದ ಬಟ್ಟಲು ಇಡುತ್ತ ನಾನೇ ಹೇಳಿದೆ: "ಹಳಿಯಾಳದಾಗ ನಮ್ಮಪ್ಪನ ಗದ್ದಿ ಐತಲ್ರಿ. ಸುಗ್ಗಿ ಆದ ಮ್ಯಾಲೆ ಖಾಲೀನ ಇರ್ತೈತಿ."

ಆ ನೆಪದಲ್ಲಿ ನಾನೂ ವಾರಕ್ಕೊಮ್ಮೆ ತವರು ಕಾಣಬಹುದು ಎಂಬ ಆಸೆ ನನ್ನದು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಪ್ರತಿ ರವಿವಾರ ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೆ ಬ್ಯಾಟರಿ, ಇನ್ನೊಬ್ಬರ ತೊಡೆಯ ಮೇಲೆ ರೇಡಿಯೋ ಪೆಟ್ಟಿಗೆ. ನಮ್ಮವರ ಪಕ್ಕದ ಸೀಟಿನಲ್ಲಿ ವಿಮಾನ. "ಗಂಡಸರ ಗುಂಪಿನ್ಯಾಗ ನೀ ಎಲ್ಲಿ ಬರ್ತಿ? ಮುಂದಿನ ರವಿವಾರ ಹೋಗೂಣು" ಎಂದು ನನ್ನ ಮೂಗಿಗೆ ತುಪ್ಪ ಸವರಿ ಹೊರಡುತ್ತಿದ್ದರು. ನನ್ನ ತವರಿಗೆ ಅದು ಹೋಗುತ್ತಿತ್ತು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.

ಸಂಜೆ ಅವರು ತರುತ್ತಿದ್ದ ಸುದ್ದಿ ಕೇಳಿದರೆ ಇನ್ನಷ್ಟು ಹೊಟ್ಟೆ ಉರಿ. ವಿಮಾನ ಓಡಲೆಂದು ಅಪ್ಪ ಎತ್ತು ಹೂಡಿ, ಕೊರಡು ಹೊಡೆದು ಗದ್ದೆ ಸಮ ಮಾಡಿದನಂತೆ. ವಿಮಾನದ ಮೂತಿಗೆ ವಿಭೂತಿ ಹಚ್ಚಿ ಕಾಯಿ ಒಡೆದನಂತೆ. ಅವ್ವ ಎಲ್ಲರಿಗೂ ಹೋಳಿಗೆ ಬಡಿಸಿದಳಂತೆ. ನನ್ನ ಪಾಲಿನ ಹೋಳಿಗೆ ಡಬ್ಬಿಯಲ್ಲಿ ತಣ್ಣಗಾಗಿ ಬರುತ್ತಿತ್ತು. ಅದಕ್ಕೂ ಈಥರ್ ವಾಸನೆ.

ಒಂದು ರವಿವಾರ ಕೇಳದೆ, ಹೇಳದೆ ಅದೇ ಬಸ್ಸು ಹತ್ತಿದೆ. "ಇದನ್ನ ತೊಡಿ ಮ್ಯಾಲೆ ಇಟ್ಕೋರಿ, ನಾ ಕುಂದರ್ತೇನಿ" ಎಂದೆ, ನಮ್ಮವರ ಪಕ್ಕದ ವಿಮಾನ ತೋರಿಸಿ.

"ಪೆಟ್ಟು ಬಿದ್ದೀತು ಮಾರಾಯ್ತಿ" ಎಂದರು. ನನಗಲ್ಲ, ಅದಕ್ಕೆ. ಹಳಿಯಾಳದವರೆಗೆ ಕಂಬಿ ಹಿಡಿದು ನಿಂತೇ ಹೋದೆ.

ಗದ್ದೆಯಲ್ಲಿ ಅವ್ವ ಉಪ್ಪು, ಮೆಣಸಿನಕಾಯಿ ತಂದು ವಿಮಾನಕ್ಕೆ ದೃಷ್ಟಿ ತೆಗೆದಳು. ಮದುವೆಯಾದ ಮೇಲೆ ನನಗೆ ಯಾರೂ ದೃಷ್ಟಿ ತೆಗೆದಿರಲಿಲ್ಲ. ವಿಮಾನ ಏರಿತು. ನಮ್ಮವರ ಕೈಯಲ್ಲಿದ್ದ ಪೆಟ್ಟಿಗೆಗೆ ಒಂದೇ ಗುಂಡಿ. ಒಮ್ಮೆ ಒತ್ತಿದರೆ ಬಲಕ್ಕೆ, ಎರಡು ಸಲ ಒತ್ತಿದರೆ ಎಡಕ್ಕೆ ತಿರುಗುತ್ತಿತ್ತು. ಚೆಂದ ಹಾರುತ್ತಿತ್ತು, ಸುಳ್ಳೇಕೆ ಹೇಳಲಿ. ನಮ್ಮವರ ಮುಖ ನೋಡಿದೆ. ಆ ಕಣ್ಣಿನಿಂದ ನನ್ನನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಒಂದು ಸುತ್ತಿನಲ್ಲಿ ಅದು ಮಾತು ಕೇಳುವುದನ್ನು ಬಿಟ್ಟಿತು. ಗುಂಡಿ ಎಷ್ಟು ಒತ್ತಿದರೂ ತಿರುಗದೆ ನೆಟ್ಟಗೆ ಕಾಡಿನ ಕಡೆ ನಡೆಯಿತು. ಸದ್ದು ಸಣ್ಣದಾಗಿ ನಿಂತೇಹೋಯಿತು. ಗಂಡಸರೆಲ್ಲ ಕತ್ತಲಾಗುವವರೆಗೆ ಹುಡುಕಿ ಬರಿಗೈಲಿ ಬಂದರು. "ಯಾರ ಕಣ್ಣು ಬಿತ್ತೋ ಏನೋ!" ಎಂದು ಅವ್ವ ಲಟಿಕೆ ಮುರಿದಳು. ನನ್ನ ಕಣ್ಣಿಗೆ ಅಷ್ಟು ಬಲವಿದ್ದರೆ ಅದು ಮೊದಲ ದಿನವೇ ಬೀಳುತ್ತಿತ್ತು. ಆದರೂ ಆ ರಾತ್ರಿ ಬಂದಂಥ ನಿದ್ದೆ ನನಗೆ ಎಷ್ಟೋ ದಿನದಿಂದ ಬಂದಿರಲಿಲ್ಲ.

ಮುಂದಿನ ರವಿವಾರ ನಮ್ಮವರು ಗೋಡೆಗೆ ಮುಖ ಮಾಡಿ ಮಲಗಿದರು. ಕ್ಲಬ್ಬಿನವರು ಯಾರೂ ಬರಲಿಲ್ಲ. ಅದರ ಮುಂದಿನ ವಾರವೂ ಹಾಗೇ. ಈಗ ಸೀಟು ಖಾಲಿ ಎಂದುಕೊಂಡು ಹೊಸ ಇಳಕಲ್ ಸೀರೆ ಉಟ್ಟು ಕೇಳಿದೆ: "ಹಳಿಯಾಳಕ್ಕ ಹೋಗೂಣೇನ್ರಿ?"

"ಈಗ ಅಲ್ಲೇನೈತಿ?" ಎಂದರು.

ನನ್ನ ಅವ್ವ ಅಪ್ಪ ಇದ್ದರು ಅಲ್ಲಿ! ಸಿಟ್ಟಿಗೆ ಸೆರಗು ಸೊಂಟಕ್ಕೆ ಸಿಗಿಸಿ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಎತ್ತಿ ಕುಕ್ಕಿದೆ. ಆದರೆ ಪಾತ್ರೆ ಕುಕ್ಕಿದರೆ ಬಸ್ಸು ಬರುವುದಿಲ್ಲ. ಸವತಿ ಸತ್ತರೆ ಗಂಡ ನನ್ನವನಾಗುತ್ತಾನೆ ಎಂದುಕೊಂಡಿದ್ದೆ. ಇಲ್ಲಿ ನನ್ನ ತವರಿನ ದಾರಿಯೂ ಅವಳ ಹಿಂದೆ ಹೋಗಿತ್ತು. ಒಲೆಯ ಮೇಲೆ ಮೈದಾ ಅಂಟಿಗೆ ನೀರಿಟ್ಟು ಹೊರಗೆ ಬಂದೆ.

"ಇನ್ನೊಂದು ಮಾಡ್ರಿ" ಎಂದೆ. "ಈ ಸಲ ರೆಕ್ಕಿ ಉದ್ದ ಇರಲಿ. ಹೊಟ್ಟ್ಯಾಗಿನ ಅಷ್ಟು ಭಾರದ ರೇಡಿಯೋನ ಆ ಗುಬ್ಬಿ ರೆಕ್ಕಿ ಹೆಂಗ ಹೊತ್ತೀತು?"

ಅವರು ಎದ್ದು ಕುಳಿತರು. "ಖರೇನ ಐತಿ. ಆದರ ಅಷ್ಟು ಉದ್ದಂದು ಬಸ್ಸಿನ್ಯಾಗ ಒಬ್ಬಾಂವ ಹೆಂಗ ಒಯ್ಯೂದು? ಉಳಿದವರ ಕೈ ಮೊದಲ ತುಂಬಿರ್ತಾವು."

"ಮೈ ನೀವು ಹಿಡೀರಿ. ರೆಕ್ಕಿ ನಾ ಹಿಡೀತೇನಿ."

ಉಳಿದಿದ್ದ ಇನ್ನೊಂದು ಜೊತೆ ಎಂಜಿನ್, ರೇಡಿಯೋ ಕೂರಿಸಿ ಹೊಸದು ಸಿದ್ಧವಾಗುವಷ್ಟರಲ್ಲಿ ಬೇಸಿಗೆ ಕಾಲಿಟ್ಟಿತ್ತು. ಹಳಿಯಾಳದ ಬಸ್ಸಿನಲ್ಲಿ ನನಗೂ ಒಂದು ಸೀಟು ಸಿಕ್ಕಿತು. ಬೆವರು ತಾಗಿದರೆ ಕಾಗದ ಹಾಳಾದೀತೆಂದು ರೆಕ್ಕೆಯನ್ನು ಸೆರಗಿನಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕುಳಿತೆ. ಬಸ್ ಸ್ಟ್ಯಾಂಡಿಗೆ ಅಪ್ಪನೇ ಬಂದಿದ್ದ. ನನ್ನನ್ನು ಕಂಡವನೇ ಎರಡೂ ಕೈ ಚಾಚಿ ಓಡಿ ಬಂದ. ನಾನೂ ಒಂದು ಹೆಜ್ಜೆ ಮುಂದಿಟ್ಟೆ.

ಅಪ್ಪ ರೆಕ್ಕೆಯನ್ನು ಮೆಲ್ಲಗೆ ಇಳಿಸಿಕೊಂಡು ಅದರ ಬೆನ್ನು ಸವರಿದ. "ಹಾದ್ಯಾಗ ತ್ರಾಸ ಆತೇನ ನಮ್ಮವ್ವಗ?" ಎಂದು ಅದನ್ನೇ ಕೇಳಿದ.

"ಇಲ್ಲಪಾ, ಆರಾಮ ಬಂತು" ಎಂದು ಅದರ ಪರವಾಗಿ ನಾನೇ ಹೇಳಿದೆ.