ಬಳೆಯ ಮೂರು ಪಿನ್ನುಗಳು

ಫೋನಿನಲ್ಲಿ ಟೈಪ್ ಮಾಡಲು ಈಗಷ್ಟೇ ಕಲಿತಿದ್ದೇನೆ. ಬೇರೆಯವರು ಇನ್ನಷ್ಟು ಸೇರಿಸಿ ಹೇಳುವ ಮೊದಲು ನಾನೇ ಬರೆದುಬಿಡುತ್ತೇನೆ.

ಕ್ವೇಕರ್ಸ್ ಹಿಲ್‌ನ ಮಗಳ ಮನೆಯೊಳಗೆ ಮೊಟ್ಟೆ ಬರಬಾರದೆಂದು ಕಟ್ಟಪ್ಪಣೆ ಮಾಡಿದವಳು ನಾನು. ಅಳಿಯ ಪಾಪ, ಹಿತ್ತಲಲ್ಲಿ ನಡುಗುತ್ತಾ ಆಮ್ಲೆಟ್ ಹಾಕಿಕೊಳ್ಳುತ್ತಿದ್ದ. ನಾನೋ, ಪ್ರತಿ ಗುರುವಾರ ಪಕ್ಕದ ಮನೆಯಲ್ಲಿ ಕೂತು ಕೇಕ್ ತಿನ್ನುತ್ತಿದ್ದೆ. ಆರು ಮೊಟ್ಟೆಯ ಕೇಕ್.

ಪಕ್ಕದವರು ಜರ್ಮನಿಯ ಚಿತ್ರಕಾರರು, ನನ್ನದೇ ವಯಸ್ಸು. ಊರಲ್ಲಿದ್ದಾಗ ಪತ್ರಿಕೆಗಳಿಗೆ ನಗೆಚಿತ್ರ ಬರೆದು, ಸಂಜೆ ಪುಟ್ಟ ರಂಗದ ಮೇಲೆ ಜನರನ್ನು ಅಣಕಿಸಿ ಹಾಡುತ್ತಿದ್ದರಂತೆ. ಅದಕ್ಕೆ ಕ್ಯಾಬರೆ ಎಂದರು. ನಮ್ಮ ಸಿನಿಮಾದ ಕ್ಯಾಬರೆ ನೆನಪಾಗಿ ಮೊದಲ ದಿನ ಬಾಗಿಲು ಹಾಕಿಕೊಂಡಿದ್ದೆ! ಹೆಂಡತಿ ತೀರಿಕೊಂಡ ಮೇಲೆ ಅವರ ಕೇಕ್ ತಿನ್ನುವವರಿರಲಿಲ್ಲ. ಯಾರಿಗೂ ಹೇಳಬೇಡಿ ಎಂದಿದ್ದೆ. ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ್ದರು.

ಹೋದ ತಿಂಗಳು ಇಲ್ಲಿನ ಹಾಲ್‌ನಲ್ಲಿ ಅವರ ಕಾರ್ಯಕ್ರಮವಿತ್ತು. ಮನೆಮಂದಿಯನ್ನೆಲ್ಲ ಎಳೆದುಕೊಂಡು ಹೋದೆ. ಮೆಲ್ಬರ್ನಿನ ವಿಂಡಮ್ ವೇಲ್‌ನಿಂದ ಬಂದಿದ್ದ ಅಳಿಯನ ತಾಯಿಯನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದೆ. ಚಿತ್ರಕಾರರು ಹಾಡುತ್ತಾ ದೊಡ್ಡ ಹಾಳೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದರು. ಮುಖ ಬರೆಯುವುದೇ ಇಲ್ಲ, ಬರೀ ಕೈಗಳು. ಕೊನೆಯ ಹಾಡು, ಮನೆಯವರಿಗೆಲ್ಲ ಮೊಟ್ಟೆ ಬೇಡವೆಂದು ಹೇಳಿ ತಾನು ಕದ್ದು ಕೇಕ್ ತಿನ್ನುವ ಅಜ್ಜಿಯದು. ಹಾಳೆಯ ಮೇಲೆ ಕೈ ಬಂತು, ಫೋರ್ಕ್ ಬಂತು, ಬಳೆ ಬಂತು. ಆಮೇಲೆ ಬಳೆಗೆ ಸಿಕ್ಕಿಸಿದ ಸೇಫ್ಟಿ ಪಿನ್ನುಗಳು. ಮೂರು.

ಹಾಲ್ ಎಲ್ಲ ನಕ್ಕಿತು. ನಮ್ಮ ಸಾಲು ನನ್ನ ಕೈ ನೋಡಿತು.

"ಅಜ್ಜೀ, ದಟ್ಸ್ ಯೂ!" ಎಂದಳು ಮೊಮ್ಮಗಳು.

ಕೈಯನ್ನು ಸೆರಗಿನೊಳಗೆ ಸೇರಿಸಿದೆ. "ಬಳೆಗೆ ಪಿನ್ನು ಎಲ್ರೂ ಹಾಕ್ಕೊಳ್ತಾರಪ್ಪ."

"ನಂಗೂ ಉಂಟು ಮಾರಾಯ್ರೆ," ಎಂದರು ಬೀಗಿತ್ತಿ, ತಮ್ಮ ಬಳೆ ಎತ್ತಿ ತೋರಿಸುತ್ತಾ. "ಆದ್ರೆ ನಾನಿರುದು ಮೆಲ್ಬರ್ನ್‌ನಲ್ಲಿ. ಇವರ ಪಕ್ಕದ ಮನೆಯಲ್ಲಿ ಅಲ್ಲ ಅಲ್ವಾ?"

ಅಳಿಯ ನಗಲಿಲ್ಲ. "ಮೂರು ವಿಂಟರ್, ಅತ್ತೆ. ಮೂರು ವಿಂಟರ್ ಹೊರಗೆ ನಿಂತಿದ್ದೀನಿ."

ಕಾರ್ಯಕ್ರಮ ಮುಗಿದ ಮೇಲೆ ಚಿತ್ರಕಾರರು ಬೆವರು ಒರೆಸಿಕೊಂಡು ಬಂದು, ಹಾಳೆಯನ್ನು ಸುತ್ತಿ ನನ್ನ ಕೈಗಿಟ್ಟರು. ಮುಖ ಬರೆದಿಲ್ಲವಲ್ಲ ಎಂದು ಮಗುವಿನಂತೆ ನಕ್ಕರು.

"ಮುಖ ಬರೀಬೇಡಿ ಅಂದಿದ್ನಾ ನಾನು? ಯಾರಿಗೂ ಹೇಳ್ಬೇಡಿ ಅಂದಿದ್ದೆ," ಎಂದು ಕನ್ನಡದಲ್ಲೇ ಬೈದೆ. ಅವರು ಹೊಗಳಿಕೆ ಎಂದುಕೊಂಡು ಮತ್ತೆ ತಲೆಬಾಗಿದರು.

ಮರುದಿನ ಆಮ್ಲೆಟ್ ಬಾಣಲೆ ಅಡುಗೆಮನೆಯೊಳಕ್ಕೆ ಬಂತು. ಗುರುವಾರ ಬೇಲಿಯಾಚೆಯಿಂದ ಕರೆ ಕೇಳಿಸಿತು. ಪರದೆಯ ಹಿಂದೆ ನಿಂತೆ, ಹೋಗಲಿಲ್ಲ. ಅಳಿಯ ಹೋಗಿ ಬಂದ.

"ನಮ್ಮಿಬ್ರಿಗೂ ಅಂತ ಎರಡು ಪ್ಲೇಟ್ ಕೇಕ್ ಇಟ್ಟಿದ್ರು, ಅತ್ತೆ."

"ಇನ್ನೊಂದು?"

"ಅದನ್ನೂ ನಾನೇ ತಿಂದೆ."